ಊಟಕ್ಕೊಂದು ಹೊಸ ಹೊಟ್ಟೆ

ಪ್ರೀತಿಯ ಪುಟ್ಟಿ,

"ಅಮೀಬಾ ಮಿಥ್ಯಪಾದದಿಂದ ಆಹಾರ ಪಡೆಯುತ್ತದೆ ಅಂತ ಬರೆದೆ, ಮಾರ್ಕ್ಸ್ ಬಂತು, ತಲೆಗೆ ಏನೂ ಹೋಗಿಲ್ಲ" ಅಂತ ಮೆಸೇಜ್ ಹಾಕಿದ್ದೀಯಲ್ಲ. ಅಮೀಬಾ ಆಮೇಲೆ ನೋಡೋಣ, ಅದು ತೀರಾ ನಿಧಾನ. ಮೊದಲು ಪ್ಯಾರಮೀಸಿಯಂ ನೋಡು, ಅದೂ ಅಮೀಬಾದ ಹಾಗೆ ಒಂದೇ ಜೀವಕೋಶದ ಜೀವಿ.

ಒಣಹುಲ್ಲು ಕುದಿಸಿ ಆರಿಸಿದ ನೀರಿಗೆ ಒಂದಿಷ್ಟು ಕೆರೆ ನೀರು ಬೆರೆಸಿ ಕೆಲವು ದಿನ ಬಿಟ್ಟರೆ ಸಾಮಾನ್ಯವಾಗಿ ಸಿಗುತ್ತದೆ. ಮೈತುಂಬಾ ಸಿಲಿಯಾ ಅನ್ನೋ ಸಣ್ಣ ಕೂದಲಿನಂಥ ಎಳೆಗಳು, ಒಂದು ಪಕ್ಕದಲ್ಲಿ ಉದ್ದದ ತಗ್ಗು. ಸಿಲಿಯಾ ಬಡಿದ ಹಾಗೆಲ್ಲ ನೀರು ಸುಳಿದು ಬ್ಯಾಕ್ಟೀರಿಯಾಗಳನ್ನು ಆ ತಗ್ಗಿಗೆ ಎಳೆದು ತರುತ್ತದೆ. ಅದರ ಕೊನೆಯಲ್ಲಿ ಬಾಯಿ. ಅಲ್ಲಿ ಪೊರೆ ಒಳಕ್ಕೆ ಉಬ್ಬಿ, ಬೇರೆಯಾಗಿ, ಗುಳ್ಳೆಯಾಗಿ ಹೊರಡುತ್ತದೆ. ಆ ಗುಳ್ಳೆಯೇ ಹೊಟ್ಟೆ. ಒಂದಾದ ಮೇಲೊಂದು ಹೊಟ್ಟೆ ಹುಟ್ಟುತ್ತಲೇ ಇರುತ್ತದೆ!

ಇದನ್ನು ಕಣ್ಣಾರೆ ನೋಡಬೇಕಂದ್ರೆ ಯೀಸ್ಟನ್ನು ಕಾಂಗೋ ರೆಡ್ ಬಣ್ಣದಲ್ಲಿ ಕುದಿಸಿ ಪ್ಯಾರಮೀಸಿಯಮ್ಮಿಗೆ ತಿನ್ನಿಸಬೇಕು. ಗುಳ್ಳೆ ಮೊದಲು ಕೆಂಪಗಿರುತ್ತದೆ. ಕೆಲವೇ ನಿಮಿಷದಲ್ಲಿ ಒಳಗೆ ಆಮ್ಲ ಜಾಸ್ತಿಯಾಗಿ, ಪಿಎಚ್ (ಆಮ್ಲದ ಅಳತೆ, ಇಳಿದಷ್ಟೂ ಆಮ್ಲ ಜಾಸ್ತಿ) 3ರ ಹತ್ತಿರ ಇಳಿದು, ನೀಲಿಗೆ ತಿರುಗುತ್ತದೆ. ಆಮೇಲೆ ಲೈಸೋಸೋಮ್ ಅನ್ನೋ ಪುಟ್ಟ ಚೀಲಗಳಿಂದ ಜೀರ್ಣಿಸುವ ಎಂಜೈಮ್ ಸೇರಿ ಯೀಸ್ಟ್ ಕರಗುತ್ತದೆ, ಆಮ್ಲ ಕಡಿಮೆಯಾಗಿ ಮತ್ತೆ ಕೆಂಪು. ಅಷ್ಟೂ ಹೊತ್ತು ಗುಳ್ಳೆ ಜೀವಕೋಶದೊಳಗೆ ಸುತ್ತುತ್ತಲೇ ಇರುತ್ತದೆ. ಉಳಿದ ಕಸ ಹೊರಹೋಗುವುದಕ್ಕೂ ಗೊತ್ತಾದ ಒಂದು ಜಾಗ ಇದೆ.

ಈಗ ಅಮೀಬಾ ಅರ್ಥವಾಗುತ್ತೆ, ಅಲ್ವಾ? ಅದಕ್ಕೆ ಗೊತ್ತಾದ ಬಾಯಿ ಇಲ್ಲ. ಮೈ ಯಾವ ಕಡೆ ಬೇಕಾದರೂ ಚಾಚಿ (ಹಾಗೆ ಚಾಚಿದ್ದೇ ಮಿಥ್ಯಪಾದ), ಆಹಾರವನ್ನು ಸುತ್ತುವರಿದು, ಇಂಥದ್ದೇ ಗುಳ್ಳೆ ಮಾಡಿಕೊಳ್ಳುತ್ತದೆ.

ನನಗಂತೂ ಡಿಡಿನಿಯಂ ಇಷ್ಟ, ಇದೂ ಒಂದೇ ಜೀವಕೋಶದ್ದು. ಪೀಪಾಯಿಯಂಥ ಮೈ, ತುದಿಯಲ್ಲಿ ಮೂತಿ. ತನಗಿಂತ ಉದ್ದದ ಪ್ಯಾರಮೀಸಿಯಮ್ಮಿಗೆ ವಿಷದ ಎಳೆ ಚುಚ್ಚಿ, ಮರಗಟ್ಟಿಸಿ, ಇಡಿಯಾಗಿ ನುಂಗುತ್ತದೆ. 1934ರಲ್ಲಿ ರಷ್ಯಾದ ವಿಜ್ಞಾನಿ ಗಾಸ್ ಪ್ರಕಟಿಸಿದ ಪ್ರಯೋಗದಲ್ಲಿ ಇದು ಟ್ಯೂಬಿನಲ್ಲಿದ್ದ ಎಲ್ಲಾ ಪ್ಯಾರಮೀಸಿಯಂ ತಿಂದು ಮುಗಿಸಿ, ಕೊನೆಗೆ ತಾನೂ ಉಪವಾಸ ಸತ್ತಿತು. ಹೊಟ್ಟೆಬಾಕ!

ಇನ್ನೊಂದು ಜಾಣ ಇದೆ, ಪ್ಯಾರಮೀಸಿಯಂ ಬರ್ಸೇರಿಯಾ. ನೂರಾರು ಹಸಿರು ಪಾಚಿಗಳನ್ನು ಜೀರ್ಣಿಸದೆ ಮೈಯೊಳಗೇ ಸಾಕುತ್ತದೆ. ಅವು ಬಿಸಿಲಲ್ಲಿ ಸಕ್ಕರೆ ಮಾಡಿ ಇದಕ್ಕೂ ಕೊಡುತ್ತವೆ.

ಲ್ಯಾಬಿನಲ್ಲಿ ಕೇಳಿ ನೋಡು. ಸ್ಲೈಡಿಗೆ ಹತ್ತಿಯ ನಾಲ್ಕು ಎಳೆ ಹಾಕು, ಇಲ್ಲದಿದ್ದರೆ ಸುಮ್ನೆ ಓಡಿಹೋಗುತ್ತವೆ. ಕಾಂಗೋ ರೆಡ್ ಮೈಗೆ ಒಳ್ಳೆಯದಲ್ಲ, ಗ್ಲೌಸ್ ಹಾಕಿಕೋ.

ಇಂತಿ,
ನಿನ್ನ ಅಮ್ಮ