ಎಷ್ಟು ಕಳೆಯಿತು ಅಂತ ಮೊದಲು ಹೇಳು

ಚಿ. ಪುಟ್ಟನಿಗೆ ಆಶೀರ್ವಾದಗಳು.

ಸೆನ್ಸರಿನ ಪಲ್ಸ್ ಎಣಿಸುವ ‘ಟೈಮರ್ 1’ ಕೌಂಟರ್ ಕೆಲವು ಪಲ್ಸ್ ನುಂಗುತ್ತಿದೆ, ಆರ್ಡುಯಿನೊ ಊನೊ ಬೋರ್ಡಿನ ಎಟಿಮೆಗಾ328ಪಿ ಚಿಪ್ಪೇ ಕೆಟ್ಟಿದೆ, ಬೇರೆ ತರಿಸುತ್ತೇನೆ ಅಂತ ಬರೆದಿದ್ದೀಯ. ಸ್ವಲ್ಪ ತಡಿಯಪ್ಪ. ಎಷ್ಟು ಕಡಿಮೆ ಬಿತ್ತು ಅನ್ನೋದನ್ನೇ ಬರೆದಿಲ್ಲವಲ್ಲ! ಕಳ್ಳ ಯಾರು ಅಂತ ಹೇಳೋದೇ ಆ ಸಂಖ್ಯೆ.

ಸರಿಯಾಗಿ 65536 ಕಡಿಮೆಯಾದರೆ ತಪ್ಪು ನಿನ್ನ ಕೋಡಿನದು. 16 ಬಿಟ್ ಕೌಂಟರ್ ತುಂಬಿ ಸೊನ್ನೆಗೆ ಬಂದಿದೆ, ಆದರೆ ಸುತ್ತು ಎಣಿಸುವ ಇಂಟರಪ್ಟ್ (ಮುಖ್ಯ ಕೋಡನ್ನು ನಡುವೆ ನಿಲ್ಲಿಸಿ ಓಡುವ ತುಣುಕು) ಇನ್ನೂ ಓಡಿಲ್ಲ. ಅಷ್ಟರಲ್ಲಿ ನೀನು ಓದಿಬಿಟ್ಟೆ. ಇಂಟರಪ್ಟ್ ತಡೆದು, ಎಣಿಕೆ ಇರುವ ರಿಜಿಸ್ಟರ್ ಟಿಸಿಎನ್‌ಟಿ1 ಓದು, ಆಮೇಲೆ ಕೌಂಟರ್ ಸುತ್ತಿತು ಅಂತ ತಿಳಿಸುವ ಟಿಒವಿ1 ಫ್ಲ್ಯಾಗ್ ನೋಡು. ಫ್ಲ್ಯಾಗ್ ಎದ್ದಿದ್ದು, ಓದಿದ ಎಣಿಕೆಯೂ ಚಿಕ್ಕದಿದ್ದರೆ ಮಾತ್ರ ಒಂದು ಸುತ್ತು ಸೇರಿಸು. ಎರಡನೆಯ ಷರತ್ತು ಬಿಟ್ಟರೆ, 65535 ಓದಿದ ಮರುಕ್ಷಣ ಫ್ಲ್ಯಾಗ್ ಎದ್ದು ಲೆಕ್ಕ ಒಂದು ಸುತ್ತು ಜಾಸ್ತಿಯಾಗುತ್ತೆ.

ಎಣಿಕೆ 255 ದಾಟದೆ ಏರಿ ಇಳಿಯುತ್ತಿದ್ದರೆ ಅದು ಆರ್ಡುಯಿನೊ ಸಾಫ್ಟ್‌ವೇರಿನ ಕೆಲಸ. ನಿನ್ನ ಕೋಡ್ ಶುರುವಾಗುವ ಮೊದಲೇ ಅದು ಈ ಟೈಮರನ್ನು ಪಿಡಬ್ಲ್ಯುಎಂಗೆ (ಅಗಲ ಬದಲಿಸುವ ಪಲ್ಸ್ ಹೊರಡಿಸೋದಕ್ಕೆ) ಹೊಂದಿಸಿರುತ್ತದೆ. ಆ ಹೊಂದಿಕೆ ಇರುವ ಟಿಸಿಸಿಆರ್1ಎ ರಿಜಿಸ್ಟರ್ ಸೊನ್ನೆ ಮಾಡು, ಮುಗೀತು.

ವೇಗ ಏರಿದಷ್ಟೂ ಹೆಚ್ಚು ಕಳೆಯುತ್ತಿದ್ದರೆ ಮಾತ್ರ ತಂತಿಯ ಕಡೆ ತಿರುಗು. ನಿನ್ನ ಸೆನ್ಸರ್ ಓಪನ್ ಕಲೆಕ್ಟರ್ (ಸಿಗ್ನಲನ್ನು ಕೆಳಗೆ ಮಾತ್ರ ಎಳೆಯುತ್ತೆ), ಅದನ್ನು ಮೇಲೆತ್ತುವ ರೆಸಿಸ್ಟರ್ ಅಂದರೆ ಪುಲ್‌ಅಪ್ 10 ಕಿಲೋಓಮ್ ಅಂದಿದ್ದೀಯ. ಉದ್ದ ಕೇಬಲ್ಲಿನ ಕೆಪ್ಯಾಸಿಟೆನ್ಸ್ 1 ನ್ಯಾನೋಫ್ಯಾರಡ್ ಅಂದುಕೊಂಡರೂ ಸಿಗ್ನಲ್ ಎಷ್ಟು ನಿಧಾನ ಏರುತ್ತೆ ಅಂತ ಹೇಳುವ ಟೈಮ್ ಕಾನ್ಸ್ಟಂಟ್ 10 ಮೈಕ್ರೋಸೆಕೆಂಡ್. 100 ಕಿಲೋಹರ್ಟ್ಸ್‌ನಲ್ಲಿ ಸಿಗ್ನಲ್ ಮೇಲೇರಲು ಸಿಗೋದು ಬರೀ 5 ಮೈಕ್ರೋಸೆಕೆಂಡ್. ಅಷ್ಟರಲ್ಲಿ ಅದು 2 ವೋಲ್ಟನ್ನೂ ಮುಟ್ಟಲ್ಲ. 5 ವೋಲ್ಟಿನಲ್ಲಿ ಓಡುವ ಚಿಪ್ ಖಾತ್ರಿಯಾಗಿ ‘ಹೈ’ ಅಂತ ಒಪ್ಪಬೇಕಾದರೆ 3 ವೋಲ್ಟ್ ಬೇಕು. ಪುಲ್‌ಅಪ್ 1 ಕಿಲೋಓಮ್‌ಗೆ ಇಳಿಸು. ಅಷ್ಟು ಕರೆಂಟನ್ನು ಸೆನ್ಸರ್ ತಡೆಯುತ್ತದಾ ಅಂತ ಡೇಟಾಶೀಟಿನಲ್ಲಿ ನೋಡಿಕೋ. ಅಂಚು ನಿಧಾನವಾಗಿದ್ದರೆ ಗದ್ದಲ ಸೇರಿ ಒಂದು ಪಲ್ಸ್ ಎರಡಾಗುವುದೂ ಉಂಟು, ಹಾಗಾಗಿ ಪಿನ್ನಿನ ಹತ್ತಿರವೇ ಅಂಚನ್ನು ಚೂಪು ಮಾಡುವ ಚಿಪ್ ಒಂದು 74ಎಚ್‌ಸಿ14 ಹಾಕು. ಆದರೆ ಅದು ಸಿಗ್ನಲನ್ನು ತಲೆಕೆಳಗು ಮಾಡುತ್ತೆ, ನೆನಪಿರಲಿ. ಇನ್ನು ಕೌಂಟರಿನ ಮಿತಿಯ ಚಿಂತೆ ಬಿಡು: 16 ಮೆಗಾಹರ್ಟ್ಸ್ ಕ್ಲಾಕಿಗೆ ಡೇಟಾಶೀಟ್ 6.4 ಮೆಗಾಹರ್ಟ್ಸ್‌ವರೆಗೆ ಬಿಡುತ್ತದೆ. ನೀನು ಅದರ ಹತ್ತಿರಕ್ಕೂ ಹೋಗಿಲ್ಲ.

ಶೇಕಡಾ ಅರ್ಧದೊಳಗೆ, ಸದಾ ಒಂದೇ ಕಡೆ ವಾಲುವ ವ್ಯತ್ಯಾಸಕ್ಕೆ ಊನೊ ಬೋರ್ಡಿನಲ್ಲಿ ಕ್ಲಾಕ್ ಕೊಡುವ ಸೆರಾಮಿಕ್ ರೆಸೋನೇಟರ್ ಸಾಕು. ಪಲ್ಸ್ ಎಲ್ಲಿಗೂ ಹೋಗಿಲ್ಲ, ನಿನ್ನ ಸೆಕೆಂಡೇ ಗಿಡ್ಡ.

ಇವತ್ತೇ ಸೆನ್ಸರ್ ಬಿಚ್ಚಿಡು. ಅದೇ ಬೋರ್ಡಿನ ಇನ್ನೊಂದು ಪಿನ್ನಿನಿಂದ, ಟೈಮರ್ 1ಕ್ಕೆ ಪಲ್ಸ್ ಹೋಗುವ 5ನೇ ಪಿನ್ನಿಗೆ ಚಿಕ್ಕ ವೈರ್ ಎಳೆದು, ಕೋಡಿನಿಂದಲೇ 10000 ಪಲ್ಸ್ ಕೊಟ್ಟು, ಟಿಸಿಎನ್‌ಟಿ1ರಲ್ಲಿ ಏನು ಬಂತು ಅಂತ ಬರೆ. ಹೊಸ ಚಿಪ್ಪಿನ ಮಾತು ಆಮೇಲೆ.

ಇಂತಿ,
ನಿನ್ನ ಚಿಕ್ಕಪ್ಪ