ಸೀನನಿಗೆ, ರಬ್ಬರ್ ಸೂಟಿನ ವಿಷಯವಾಗಿ

ಲೋ ಸೀನ,

ಜಪಾನಿನ ಆ ದೈತ್ಯ ಮೃಗ ಗಾಡ್ಜಿಲ್ಲಾನ ಸಿನಿಮಾಗಳಲ್ಲಿ ತೀರಾ ಕೆಟ್ಟದ್ದು ಯಾವುದು ಅಂತ ಮತ್ತೆ ಕೆಣಕಿದ್ದೀಯ. ಈ ಸಲ ಎಲ್ಲರೆದುರೇ ಉತ್ತರ ಕೊಡುತ್ತೇನೆ, ಆಮೇಲೆ ನೀನು ಮಾತು ತಿರುಗಿಸುವ ಹಾಗಿರಬಾರದು. ಸ್ಟೀಲ್ ಡಬ್ಬದ ವಿಷಯ ಮಾತ್ರ ಎತ್ತುವುದಿಲ್ಲ, ಹೆದರಬೇಡ.

ಒಳ್ಳೆಯದರ ಬಗ್ಗೆ ನಮ್ಮಿಬ್ಬರಿಗೆ ಜಗಳವಿಲ್ಲ. 1954ರ ಮೊದಲನೆಯದೇ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಪೆಸಿಫಿಕ್ ಸಾಗರದ ಬಿಕಿನಿ ದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿತು, ಬೂದಿ ಬಂದು ಜಪಾನಿನ ಮೀನುಗಾರರ ಮೈಮೇಲೆ ಬಿತ್ತು. ನವೆಂಬರ್‌ನಲ್ಲಿ, ಅಂಥದೇ ಬಾಂಬಿನಿಂದ ಎದ್ದುಬಂದ ದೈತ್ಯನ ಈ ಸಿನಿಮಾ ಬಂತು. ಊರು ಉರಿಯುತ್ತಿರುವಾಗ ಒಬ್ಬಳು ತಾಯಿ ಮಕ್ಕಳನ್ನು ಅವಚಿಕೊಂಡು, ಇನ್ನೇನು ಅಪ್ಪನ ಹತ್ತಿರ ಹೋಗಿಬಿಡುತ್ತೇವೆ ಅನ್ನುತ್ತಾಳಲ್ಲ, ಅಲ್ಲಿ ನೀನೂ ತಮಾಷೆ ಮಾಡಲಿಲ್ಲ. ಗಾಡ್ಜಿಲ್ಲಾನ ವೇಷದ ಒಳಗಿದ್ದ ನಟ ಹರುವೊ ನಕಾಜಿಮಾ, ಸುಮಾರು 100 ಕಿಲೋ ತೂಕದ ರಬ್ಬರ್ ಸೂಟು ಹೊತ್ತು, ಸ್ಟುಡಿಯೋ ದೀಪಗಳ ಕೆಳಗೆ ಬೆಂದ ಮನುಷ್ಯ. ಹೆಜ್ಜೆ ಹಾಕುವುದನ್ನು ಕಲಿಯಲು ಮೃಗಾಲಯಕ್ಕೆ ಹೋಗಿ ಆನೆ, ಕರಡಿಗಳನ್ನು ನೋಡುತ್ತಿದ್ದನಂತೆ.

ಆದರೂ ನಿಜ ಹೇಳು, ನಾವು ಮತ್ತೆ ಮತ್ತೆ ಹಾಕುವುದು ಅದನ್ನಲ್ಲ. 1965ರ ಸಿನಿಮಾದಲ್ಲಿ ಗಾಡ್ಜಿಲ್ಲಾ ಕುಣಿಯುತ್ತಾನೆ. 1971ರಲ್ಲಿ ಬಾಯಿಂದ ಕಿರಣ ಬಿಟ್ಟು, ಅದರ ರಭಸಕ್ಕೇ ಹಿಂದುಹಿಂದಕ್ಕೆ ಹಾರುತ್ತಾನೆ. 1973ರಲ್ಲಂತೂ ಬಾಲದ ಮೇಲೆ ಜಾರಿಕೊಂಡು ಬಂದು ಎರಡೂ ಕಾಲಲ್ಲಿ ಒದೆಯುತ್ತಾನೆ! ಆ ಕಟ್ಟಡಗಳೊಳಗೆ ಯಾರೂ ಇಲ್ಲ, ಅದಕ್ಕೇ ಅಷ್ಟು ಹಾಯಾಗಿ ನಗುತ್ತೇವೆ.

ಇನ್ನು ನಮ್ಮ ಪಟ್ಟಿಯ ಕೊನೆಯದು, 1969ರ ಆಲ್ ಮಾನ್‌ಸ್ಟರ್ಸ್ ಅಟ್ಯಾಕ್. ಅಷ್ಟು ಹೊತ್ತಿಗೆ ಟಿವಿ ಬಂದು ಥಿಯೇಟರ್‌ಗಳು ಖಾಲಿಯಾಗಿದ್ದವು, ಕೈಯಲ್ಲಿ ದುಡ್ಡಿಲ್ಲ. ಕಾಳಗಗಳಲ್ಲಿ ಹೆಚ್ಚಿನವು ಹಳೆಯ ಸಿನಿಮಾಗಳಿಂದ ಕತ್ತರಿಸಿ ಅಂಟಿಸಿದವು. ವಿಚಿತ್ರ ಅಂದರೆ ನಿರ್ದೇಶಕ ಅದೇ ಇಶಿರೊ ಹೋಂಡಾ. ಯುದ್ಧ ಮುಗಿಸಿ ಬರುವಾಗ ಹಿರೋಶಿಮಾವನ್ನು ಕಣ್ಣಾರೆ ಕಂಡು, 1954ರದ್ದನ್ನು ತೆಗೆದವರು.

ಮೊನ್ನೆ ಪುಟ್ಟನ ಜೊತೆ ಅದನ್ನು ಹಾಕಿದೆ, ಸುಮ್ನೆ ನಗಿಸೋಣ ಅಂತ. ಕತೆ ನೆನಪಿದೆಯಾ? ಕಾರ್ಖಾನೆ ಹೊಗೆಯ ಊರು. ಅಪ್ಪ ರೈಲು ಓಡಿಸುತ್ತಾನೆ, ಅಮ್ಮನಿಗೂ ಕೆಲಸ. ಇಚಿರೊ ಅನ್ನುವ ಹುಡುಗ ಶಾಲೆಯಿಂದ ಬಂದು ತಾನೇ ಬೀಗ ತೆಗೆದು, ಖಾಲಿ ಮನೆಯಲ್ಲಿ ಕೂತು, ಕನಸಿನಲ್ಲಿ ದೈತ್ಯರ ದ್ವೀಪಕ್ಕೆ ಹೋಗುತ್ತಾನೆ. ಅಲ್ಲಿ ಗಾಡ್ಜಿಲ್ಲಾನ ಮಗ ಮಿನಿಲ್ಲಾ ಅವನ ಜೊತೆ ಮಾತಾಡುತ್ತಾನೆ. ನಾವು ಆ ಮುಖ ನೋಡಿ ಎಷ್ಟು ನಕ್ಕಿದ್ದೆವು! ಪುಟ್ಟ ನಗಲೇ ಇಲ್ಲ. "ಅವನ ಅಮ್ಮ ಎಷ್ಟು ಗಂಟೆಗೆ ಬರ್ತಾಳೆ?" ಅಂದ. "ಬರ್ತಾಳೆ ಬಿಡೋ" ಅಂದೆ.

ನಮ್ಮ ಮನೆಯ ಬೀಗದ ಕೈ ಒಂದು ಅವನ ಬ್ಯಾಗಿನ ಚಿಕ್ಕ ಜಿಪ್ಪಿನಲ್ಲಿರುತ್ತದೆ, ನಿನಗೆ ಗೊತ್ತಲ್ಲ. ಇಬ್ಬರಿಗೂ ಕೆಲಸ, ಏನು ಮಾಡುವುದು ಅಂತ ಎಲ್ಲರಿಗೂ ಹೇಳುತ್ತೇನೆ. ಅದು ಪೂರ್ತಿ ನಿಜವಲ್ಲ ಕಣೋ. ಸಂಜೆಯ ಮೀಟಿಂಗ್‌ಗಳಲ್ಲಿ ಅರ್ಧದಷ್ಟು ನಾನಿಲ್ಲದೆಯೂ ನಡೆಯುತ್ತವೆ. ನಾನೇ ಕೂರುತ್ತೇನೆ. ಎಲ್ಲರೂ ಹೋದ ಮೇಲೆ ಆಫೀಸಿನಲ್ಲಿ ಒಂದು ನೆಮ್ಮದಿ ಇರುತ್ತದೆ, ಮನೆಗೆ ಹೋದರೆ ಹೋಂವರ್ಕ್, ಪಾತ್ರೆ, ಅವನ ಮುಗಿಯದ ಪ್ರಶ್ನೆಗಳು. ಇದನ್ನು ಇವಳಿಗೂ ಹೇಳಿಲ್ಲ.

ಇಲ್ಲಿಗೆ ಓದಿಬಿಟ್ಟಿದ್ದರೆ, ಹೆಂಡತಿಯೇ, ಮೇಲಿನ ಪ್ಯಾರಾ ಸೀನನದು. ಅವನ ಕೈಬರಹ ಕೆಟ್ಟದು, ನಾನು ಟೈಪ್ ಮಾಡಿಕೊಟ್ಟೆ ಅಷ್ಟೇ.

ಸರಿ, ತೀರ್ಪು. 1969ರದ್ದು ಪಟ್ಟಿಯಲ್ಲಿ ಒಂದು ಮೆಟ್ಟಿಲು ಮೇಲೆ ಹೋಗುತ್ತದೆ. ಕೊನೆಯ ಜಾಗಕ್ಕೆ 1973ರದ್ದು. ಆ ಒದೆತ ನಿನ್ನ ಪ್ರಾಣ ಅಂತ ಗೊತ್ತು. ಬೇಕಾದರೆ ಮುನಿಸಿಕೋ, ಆದರೆ ಡಬ್ಬ ವಾಪಸ್ ಕಳಿಸಿ ಆಮೇಲೆ.

ನಿನ್ನ,
ಮೋತ್ರಾ