ಮಕ್ಕಳ ಉಪಕರಣ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆಗಳು

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಮುಂಬಯಿ, ಪುಣೆಯ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ವೈದ್ಯಕೀಯ ಉಪಕರಣಗಳ ಹ್ಯಾಕಥಾನ್ ಈಗ ಮಾಮೂಲು. ಐಐಟಿ ಬಾಂಬೆಯ ಬೆಟಿಕ್ ಕೇಂದ್ರ 2014ರಿಂದಲೇ ಈ ಕೆಲಸದಲ್ಲಿದೆ. ಇತ್ತ ನಮ್ಮ ಕನ್ನಡ ಸಂಘಗಳು, ಹೋಟೆಲ್ ಉದ್ಯಮಿಗಳು ಆಸ್ಪತ್ರೆಗಳ ಮಕ್ಕಳ ವಿಭಾಗಕ್ಕೆ ಯಂತ್ರ ಕೊಡಿಸುವುದೂ ಹೊಸತೇನಲ್ಲ. ಬುದ್ಧಿಯೂ ಇದೆ, ದುಡ್ಡೂ ಇದೆ. ಆದರೂ ಮಕ್ಕಳಿಗೆಂದೇ ಮಾಡಿದ ಉಪಕರಣ ವಾರ್ಡಿನವರೆಗೆ ಬರುವುದು ಅಪರೂಪ. ಬಂದವುಗಳಲ್ಲೂ ಅನೇಕವು ದೊಡ್ಡವರ ಯಂತ್ರಕ್ಕೆ ಸಣ್ಣ ಟ್ಯೂಬು ಸಿಕ್ಕಿಸಿದಂಥವು. ಅತಿ ಸಣ್ಣ ಅಳತೆಯಲ್ಲಿ ಯಂತ್ರ ಹೇಗೆ ನಡೆಯುತ್ತದೆ ಎಂದು ಪರೀಕ್ಷಿಸುವವರು ಕಮ್ಮಿ, ಕೊಳ್ಳುವಾಗ ಕೇಳುವವರು ಇನ್ನೂ ಕಮ್ಮಿ.

ಸಿರಿಂಜಿನಲ್ಲಿರುವ ಔಷಧವನ್ನು ನಿಧಾನವಾಗಿ ಮಗುವಿನ ಮೈಗೆ ತಳ್ಳುವ ಸಿರಿಂಜ್ ಪಂಪನ್ನೇ ತೆಗೆದುಕೊಳ್ಳಿ. 1 ಕೆ.ಜಿ. ತೂಕದ ಶಿಶುವಿಗೆ ರಕ್ತದೊತ್ತಡ ಏರಿಸುವ ಔಷಧ ಗಂಟೆಗೆ 0.3 ಮಿ.ಲೀ.ನಂತೆ ಹೋಗಬೇಕು ಅನ್ನೋಣ. 50 ಮಿ.ಲೀ. ಸಿರಿಂಜಿನ ಒಳವ್ಯಾಸ ಸುಮಾರು 27 ಮಿ.ಮೀ. ಪ್ಲಂಜರ್ (ಸಿರಿಂಜಿನೊಳಗೆ ಔಷಧ ತಳ್ಳುವ ಕೋಲು) ಬರೀ 1 ಮಿ.ಮೀ. ಸರಿದರೆ ಅರ್ಧ ಮಿ.ಲೀ.ಗಿಂತ ಹೆಚ್ಚು ಔಷಧ ಹೊರಬೀಳುತ್ತದೆ. ಸಿರಿಂಜ್ ಕೂರಿಸುವಾಗ ಪಂಪಿನ ತಳ್ಳುವ ಭಾಗಕ್ಕೂ ಪ್ಲಂಜರಿಗೂ ನಡುವೆ 1 ಮಿ.ಮೀ. ಸಂದು ಉಳಿದರೆ, ಆ ಸಂದು ಮುಚ್ಚುವುದಕ್ಕೇ ಹತ್ತಿರ ಹತ್ತಿರ 2 ಗಂಟೆ ಬೇಕು. ಅಲ್ಲಿಯವರೆಗೂ ಪರದೆ 0.3 ಎಂದೇ ತೋರಿಸುತ್ತದೆ, ಮಗುವಿಗೆ ಹನಿಯೂ ಹೋಗಿರುವುದಿಲ್ಲ. ಅದೇ ಸಂದು 10 ಮಿ.ಲೀ. ಸಿರಿಂಜಿನಲ್ಲಿದ್ದರೆ ಅರ್ಧ ಗಂಟೆಯ ಮಾತು. ಟ್ಯೂಬು ಮಡಚಿಕೊಂಡಾಗಲೂ ಇದೇ ಕಥೆ. ಹರಿವು ಇಷ್ಟು ಕಮ್ಮಿಯಿದ್ದರೆ ಒತ್ತಡ ಏರಿ ಅಲಾರಂ ಹೊಡೆದುಕೊಳ್ಳಲು ಬಹಳ ಹೊತ್ತು ಹಿಡಿಯುತ್ತದೆ. ಗಾಬರಿಯಲ್ಲಿ ಮಡಿಕೆ ಬಿಡಿಸಿದರೋ, ಒತ್ತಿಕೊಂಡಿದ್ದ ಔಷಧ ಒಮ್ಮೆಗೇ ಒಳನುಗ್ಗಿ ಮಗುವಿನ ರಕ್ತದೊತ್ತಡ ಸರ್ರನೆ ಏರುತ್ತದೆ.

ವಾರ್ಡಿನಲ್ಲಿ ಇದಕ್ಕೆ ಮದ್ದು ಗೊತ್ತಿದೆ: ಸಣ್ಣ ಸಿರಿಂಜ್ ಬಳಸುವುದು, ಪಂಪಿನ ಮೆನುವಿನಲ್ಲಿ ಆ ಸಿರಿಂಜಿನ ಬ್ರಾಂಡನ್ನೇ ಆರಿಸುವುದು, ಲೈನು ಮಗುವಿಗೆ ಜೋಡಿಸುವ ಮೊದಲು ಪಂಪಿನ ಪರ್ಜ್ ಬಟನ್ ಒತ್ತಿ ತುದಿಯಲ್ಲಿ ಹನಿ ಕಾಣುವವರೆಗೆ ಓಡಿಸುವುದು, ಪಂಪನ್ನು ಮಗು ಮಲಗಿರುವ ಮಟ್ಟದಲ್ಲೇ ಇಡುವುದು. ಆದರೆ ಹೊಸ ಪಂಪು ಮಾಡುವ ವಿದ್ಯಾರ್ಥಿಗಳು ಗಂಟೆಗೆ 5 ಅಥವಾ 10 ಮಿ.ಲೀ. ವೇಗದಲ್ಲಿ ಅಳೆದು ನಿಖರತೆಯ ಅಂಕಿ ಬರೆದರೆ ಶಿಶು ವಿಭಾಗಕ್ಕೆ ಅದರಿಂದ ಉಪಯೋಗವಿಲ್ಲ. 0.3 ಮಿ.ಲೀ. ವೇಗ ಎಂದರೆ ನಿಮಿಷಕ್ಕೆ ಸುಮಾರು 5 ಮಿಲಿಗ್ರಾಂ ನೀರು. ಅಳೆಯಲು 1 ಮಿಲಿಗ್ರಾಂ ತೋರಿಸುವ ತಕ್ಕಡಿ ಬೇಕು. ಪಾತ್ರೆಯ ನೀರಿನ ಮೇಲೆ ತೆಳುವಾಗಿ ಪ್ಯಾರಾಫಿನ್ ಎಣ್ಣೆ ಹಾಕಿ ಟ್ಯೂಬಿನ ತುದಿಯನ್ನು ಅದರ ಕೆಳಗೆ ಮುಳುಗಿಸದಿದ್ದರೆ ನೀರು ಆವಿಯಾಗಿಯೇ ಲೆಕ್ಕ ತಪ್ಪುತ್ತದೆ. ಮೊದಲ 2 ಗಂಟೆಯ ಅಂಕಿಗಳನ್ನು ‘ಯಂತ್ರ ಸ್ಥಿರವಾಗುವ ಅವಧಿ’ ಎಂದು ಬಿಟ್ಟುಬಿಡುವ ಅಭ್ಯಾಸವೂ ಇದೆ. ಶಿಶುವಿಗೆ ಅಪಾಯ ಇರುವುದೇ ಆ 2 ಗಂಟೆಯಲ್ಲಿ.

ಶಿಶುವನ್ನು ಬೆಚ್ಚಗಿಡುವ ವಾರ್ಮರ್‌ನ ಸಮಸ್ಯೆ ಬೇರೆ ತರಹದ್ದು. ಮೈಯ ಉಷ್ಣತೆ ಅಳೆಯಲು ಚರ್ಮಕ್ಕೆ ಅಂಟಿಸಿದ ಪ್ರೋಬ್ ಕಳಚಿ ಬಿದ್ದರೆ ಅದು ಗಾಳಿಯ ಉಷ್ಣತೆ ಓದುತ್ತದೆ. ಮಗು ತಣ್ಣಗಾಗಿದೆ ಎಂದು ತಿಳಿದು ಹೀಟರ್ ಕಾಯಿಸುತ್ತಲೇ ಇರುತ್ತದೆ. ಮಳೆಗಾಲದ ಸೆಕೆಗೆ, ಮಗುವಿನ ಬೆವರಿಗೆ ಅಂಟು ಬಿಡುವುದು ಸಹಜ. ಗಟ್ಟಿ ಅಂಟು ಹಾಕೋಣವೆಂದರೆ ಅವಧಿಗೆ ಮುನ್ನ ಹುಟ್ಟಿದ ಶಿಶುವಿನ ತೆಳು ಚರ್ಮವೇ ಕಿತ್ತುಬರುತ್ತದೆ. ಹಾಗಾಗಿ ಪ್ರೋಬ್ ಕಳಚಿದ್ದನ್ನು ಯಂತ್ರವೇ ಗುರುತಿಸಿ ಹೀಟರ್ ತಗ್ಗಿಸಬೇಕು.

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರಿನ ದೊಡ್ಡವರ ಕ್ಲಿಪ್ಪನ್ನು ಕೂಸಿನ ಬೆರಳಿಗೆ ಹಾಕಿದರೆ ಬೆಳಕು ಬೆರಳಿನ ಪಕ್ಕದಿಂದ ಸೋರಿಹೋಗುತ್ತದೆ. ಆದರೂ ಪರದೆಯಲ್ಲಿ ಏನೋ ಒಂದು ಸಂಖ್ಯೆ ಬರುತ್ತದೆ, ಅದೇ ಅಪಾಯ. ಬಿಪಿ ನೋಡಲು ತೋಳಿಗೆ ಸುತ್ತುವ ಕಫ್‌ನೊಳಗಿನ ಚೀಲದ ಅಗಲ ತೋಳಿನ ಸುತ್ತಳತೆಯ ಸುಮಾರು 40% ಇರಬೇಕು. ಕಫ್ ಚಿಕ್ಕದಾದರೆ ಒತ್ತಡವನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುತ್ತದೆ. ಉಸಿರಾಟದ ಲೈನಿಗೆ ಒಂದು ಸೆನ್ಸರ್ ಸೇರಿಸಿ ಅದರೊಳಗೆ 5 ಮಿ.ಲೀ. ಜಾಗ ಬಿಟ್ಟರೆ ದೊಡ್ಡವರಿಗೆ ಗೊತ್ತೇ ಆಗದು, 1 ಕೆ.ಜಿ. ಶಿಶುವಿನ ಒಂದು ಉಸಿರೇ 4ರಿಂದ 6 ಮಿ.ಲೀ., ಬಿಟ್ಟ ಗಾಳಿಯನ್ನೇ ಅದು ಮತ್ತೆ ಎಳೆದುಕೊಳ್ಳುತ್ತದೆ. ಮನೆಯಲ್ಲಿ ಬಳಸುವ ಉಪಕರಣದ ಬ್ಯಾಟರಿ ಮುಚ್ಚಳಕ್ಕೆ ಸ್ಕ್ರೂ ಇರಲೇಬೇಕು: 20 ಮಿ.ಮೀ. ಲಿಥಿಯಂ ಬಟನ್ ಸೆಲ್ ನುಂಗಿದ ಮಗುವಿನ ಅನ್ನನಾಳ 2 ಗಂಟೆಯೊಳಗೇ ಸುಡಬಹುದು.

ತಯಾರಕರ ಕಷ್ಟವೂ ಸುಳ್ಳಲ್ಲ. ಉಸಿರಾಟದ ಟ್ಯೂಬು ಮಕ್ಕಳಿಗೆ 2.5 ಮಿ.ಮೀ.ನಿಂದ ಅರ್ಧರ್ಧ ಮಿ.ಮೀ. ಏರುತ್ತಾ ಹೋಗುತ್ತದೆ. ಪ್ರತಿ ಅಳತೆಗೂ ಬೇರೆ ಅಚ್ಚು, ಬೇರೆ ಪರೀಕ್ಷೆ, ಮಾರಾಟ ಮಾತ್ರ ಸ್ವಲ್ಪ. ನಮ್ಮ 2017ರ ವೈದ್ಯಕೀಯ ಉಪಕರಣ ನಿಯಮಗಳು ಎ, ಬಿ, ಸಿ, ಡಿ ಎಂದು ವಿಂಗಡಿಸುವುದು ಅಪಾಯದ ಮಟ್ಟ ನೋಡಿ, ರೋಗಿಯ ವಯಸ್ಸು ನೋಡಿ ಅಲ್ಲ. ಅಮೆರಿಕದಲ್ಲಿ ವರ್ಷಕ್ಕೆ 8000ಕ್ಕಿಂತ ಹೆಚ್ಚು ಮಂದಿಗೆ ಬಾರದ ಕಾಯಿಲೆಗಳ ಉಪಕರಣಕ್ಕೆ ಪ್ರತ್ಯೇಕ ಅನುಮತಿಯ ದಾರಿಯಿದೆ. ಅದು ಮಕ್ಕಳಿಗಾಗಿಯಾದರೆ ಲಾಭಕ್ಕೆ ಮಾರಲು 2007ರ ಕಾನೂನು ಅವಕಾಶ ಕೊಟ್ಟಿದೆ. ಇಲ್ಲಿಯೂ ಅಂಥದ್ದೊಂದು ಬೇಕು ಎನ್ನುವುದು ನಮ್ಮ ಅಭಿಪ್ರಾಯ. ನಮ್ಮವರ ಕೈಲಾಗದ ಕೆಲಸವೇನೂ ಅಲ್ಲ ಇದು. ತಲೆಯಲ್ಲಿ ನೀರು ತುಂಬುವ ಮಕ್ಕಳಿಗೆ ಆ ನೀರು ಇಳಿಸಲು ಹಾಕುವ, ಉತ್ತರ ಪ್ರದೇಶದ ಶಹಜಹಾನ್‌ಪುರದಲ್ಲಿ ತಯಾರಾಗುವ ಛಾಬ್ರಾ ಶಂಟನ್ನು ಹಲವು ಪಟ್ಟು ದುಬಾರಿಯಾದ ಪಾಶ್ಚಾತ್ಯ ಶಂಟ್ ಜತೆ ಉಗಾಂಡಾದ ಮಕ್ಕಳಲ್ಲಿ ಹೋಲಿಸಿ ನೋಡಿದ್ದಾರೆ. 2005ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಒಂದು ವರ್ಷದ ಫಲಿತಾಂಶಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಕಾನೂನು ಬದಲಾಗುವವರೆಗೆ ಕಾಯದೆ ಮಾಡಬಹುದಾದ್ದೂ ಇದೆ. ಆಸ್ಪತ್ರೆಗಳ ಟೆಂಡರಿನಲ್ಲಿ ‘ಅಡಲ್ಟ್/ಪೀಡಿಯಾಟ್ರಿಕ್’ ಎಂದು ಒಂದೇ ಸಾಲಿನಲ್ಲಿ ಬರೆಯುವುದನ್ನು ಮೊದಲು ನಿಲ್ಲಿಸಬೇಕು. ನಡುವಿನ ಆ ಓರೆಗೆರೆಯಲ್ಲೇ ನವಜಾತ ಶಿಶು ಕಳೆದುಹೋಗುತ್ತದೆ. ನವಜಾತ ಶಿಶು, ಕೂಸು, ದೊಡ್ಡ ಮಗು ಎಂದು ಬೇರೆ ಬೇರೆ ಸಾಲು ಹಾಕಿ, ಪ್ರತಿಯೊಂದಕ್ಕೂ ಅತಿ ಕಡಿಮೆ ಅಳತೆಯ ಪರೀಕ್ಷಾ ವರದಿ ಕೇಳಬೇಕು. ಮುಂಬಯಿ, ಪುಣೆಯ ನಾಲ್ಕಾರು ದೊಡ್ಡ ಆಸ್ಪತ್ರೆಗಳು ಸಣ್ಣ ಅಳತೆಯ ಸಾಮಾನನ್ನು ಒಟ್ಟಾಗಿ, ವರ್ಷದ ಲೆಕ್ಕದಲ್ಲಿ ಕೊಂಡರೆ ತಯಾರಕರಿಗೆ ಅಚ್ಚಿನ ಖರ್ಚು ಗಿಟ್ಟೀತು.

ದಾನ ಕೊಡುವ ಸಂಘಗಳಿಗೆ ಒಂದು ವಿನಂತಿ. ಯಂತ್ರದ ಜತೆಗೆ ಮೂರು ವರ್ಷಕ್ಕಾಗುವಷ್ಟು ಸಣ್ಣ ಪ್ರೋಬ್, ಕಫ್, ಟ್ಯೂಬುಗಳ ಬೆಲೆಯನ್ನೂ ಬರೆಸಿಕೊಳ್ಳಿ. ಅವು ಮುಗಿದ ದಿನ ಯಂತ್ರ ಮೂಲೆ ಸೇರುತ್ತದೆ. ಕಾಮಾಲೆಯ ನೀಲಿ ದೀಪ ಐದು ಕೊಡಿಸುವ ಬದಲು ನಾಲ್ಕು ದೀಪ, ಬೆಳಕಿನ ತೀವ್ರತೆ ಅಳೆಯುವ ಒಂದು ರೇಡಿಯೋಮೀಟರ್ ಕೊಡಿಸಿ. ತೀವ್ರ ಚಿಕಿತ್ಸೆಗೆ ಮಗುವಿನ ಮಟ್ಟದಲ್ಲಿ ಚದರ ಸೆಂ.ಮೀ.ಗೆ ಪ್ರತಿ ನ್ಯಾನೋಮೀಟರಿಗೆ 30 ಮೈಕ್ರೋವ್ಯಾಟ್ ಆದರೂ ಬೀಳಬೇಕು. ದೀಪ ಹಳತಾಗಿ ಅದು ಕುಸಿದರೂ ಕಣ್ಣಿಗೆ ನೀಲಿಯಾಗಿಯೇ ಕಾಣುತ್ತದೆ, ಮೀಟರಿಲ್ಲದೆ ತಿಳಿಯದು.

ವಾರ್ಡಿನ ಸಹೋದ್ಯೋಗಿಗಳಿಗೂ ಒಂದು ಮಾತು. ಉಪಕರಣದಿಂದ ಆದ ತೊಂದರೆಯನ್ನು ವರದಿ ಮಾಡಲು 2015ರಿಂದ ಮೆಟೀರಿಯೋವಿಜಿಲೆನ್ಸ್ ಕಾರ್ಯಕ್ರಮ ಇದೆ; ನರ್ಸ್‌ಗಳೂ, ತಂತ್ರಜ್ಞರೂ ಬರೆಯಬಹುದು. ಬರೆಯುವಾಗ ಮಗುವಿನ ತೂಕ, ಆ ಹೊತ್ತಿನಲ್ಲಿ ಯಂತ್ರ ಓಡುತ್ತಿದ್ದ ವೇಗ, ಬಳಸಿದ ಸಿರಿಂಜ್ ಅಥವಾ ಪ್ರೋಬಿನ ಅಳತೆ ನಮೂದಿಸಿ. ‘ಪಂಪು ಕೆಟ್ಟಿದೆ’ ಎಂದಷ್ಟೇ ಬರೆದರೆ ಕಂಪನಿಯವರು ಬಂದು ಗಂಟೆಗೆ 10 ಮಿ.ಲೀ.ಗೆ ಓಡಿಸಿ ನೋಡಿ, ಸರಿಯಾಗಿದೆ ಎಂದು ಸಹಿ ಹಾಕಿ ಹೋಗುತ್ತಾರೆ.

– ಮುಂಬಯಿಯ ಕೆಲವು ಬಯೋಮೆಡಿಕಲ್ ಎಂಜಿನಿಯರುಗಳು ಮತ್ತು ಶಿಶು ವಿಭಾಗದ ನರ್ಸ್‌ಗಳು